ಹಳ್ಳದ ದಂಡೆಯ ಈಚಲು: ಅದರ ಉಪಯೋಗವೂ ರಕ್ಷಣೆಯೂ

(ಯರಗೇರಾ ಮತ್ತು ರಾಯಚೂರು, ಮಾನ್ವಿ, ದೇವದುರ್ಗ ಸೀಮೆಗಳ ಭೂಮಾಲಿಕರ ಹಾಗೂ ಗ್ರಾಮದ ಮುಖ್ಯಸ್ಥರ ತಿಳಿವಳಿಕೆಗಾಗಿ)

1. ಪೀಠಿಕೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ನೋಡಿದವರು ಹೆಂಡವೆಂದೇ ಹೇಳುವರೆಂಬ ಗಾದೆಯು ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿದೆ. ದುಸ್ಸಂಗದ ವಿಷಯದಲ್ಲಿ ಮನುಷ್ಯನಿಗೆ ಬುದ್ಧಿ ಹೇಳುವ ಈ ಮಾತು ಆ ಮರದ ದುರದೃಷ್ಟವನ್ನೂ ತಿಳಿಸುತ್ತದೆ. ಹೆಂಡದ ಮರವೆಂಬ ಒಂದು ಹೆಸರಿನಿಂದ ಅದರ ಉಳಿದ ಹತ್ತು ಗುಣಗಳು ಮರೆಯಾಗಿವೆ. ಈ ಕಾರಣದಿಂದಲೇ ಅನೇಕ ಗ್ರಾಮಗಳಲ್ಲಿ ಹಳ್ಳದ ದಂಡೆಯ ಈಚಲನ್ನು ಯಾರೂ ತಮ್ಮದೆಂದು ಕಾಪಾಡುವುದಿಲ್ಲ. ಹೊಲವನ್ನು ನಾಲ್ಕು ಮಾರು ಮುಂದಕ್ಕೆ ತಳ್ಳಬೇಕಾದಾಗ ಮೊದಲು ಕೊಡಲಿ ಬೀಳುವುದೂ ಅದರ ಮೇಲೆಯೇ.

ಯರಗೇರಾ ಗ್ರಾಮವು ರಾಯಚೂರಿನಿಂದ ದಕ್ಷಿಣಕ್ಕೆ, ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ, ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಯಲ್ಲಿದೆ. ಇಲ್ಲಿಯ ಮಳೆ ವರ್ಷಕ್ಕೆ ಸರಾಸರಿ 25 ಅಂಗುಲದಷ್ಟು. ಬೇಸಿಗೆಯ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಸಾಮಾನ್ಯ. ಎರೆಯ ಹೊಲ, ಮಸಾರಿ ಹೊಲ, ನಡುನಡುವೆ ಬಂಡೆಗುಡ್ಡ. ಜೋಳ, ಸಜ್ಜೆ, ಹತ್ತಿ, ತೊಗರಿ, ಶೇಂಗಾ ಇಲ್ಲಿಯ ಬೆಳೆಗಳು. ಇಂತಹ ಒಣ ಸೀಮೆಯಲ್ಲಿಯೂ ಹಳ್ಳದ ಪಾತ್ರ, ಕೆರೆಯ ಅಂಗಳ, ಬಾವಿಯ ಕೆಳಗಿನ ತಗ್ಗು, ಕಾಲುವೆಯ ಬಸಿ ನೀರು ನಿಲ್ಲುವ ಜವಳು, ಇವು ವರ್ಷದ ಹೆಚ್ಚು ಕಾಲ ಒದ್ದೆಯಾಗಿರುತ್ತವೆ. ಈ ಒದ್ದೆ ನೆಲವೇ ಈಚಲಿನ ಮನೆ. ಅದನ್ನು ಕಡಿಯುವುದರಿಂದ ಆಗುವ ನಷ್ಟವೇನು, ಉಳಿಸುವುದರಿಂದ ದೊರೆಯುವ ಲಾಭವೇನು ಎಂಬುದನ್ನು ಈ ಪತ್ರಿಕೆಯಲ್ಲಿ ವಿವರಿಸಿದೆ.

2. ಜವಳು ನೆಲದ ತಾಳಜಾತಿಗಳು

ತೆಂಗು, ಅಡಿಕೆ, ತಾಳೆ, ಬಗನಿ, ಖರ್ಜೂರ, ಈಚಲು ಇವೆಲ್ಲ ಒಂದೇ ಕುಲದ ಮರಗಳು. ಈ ಕುಲದಲ್ಲಿ ಕೆಲವು ನಿಂತ ನೀರಿನಲ್ಲಿಯೇ ಬೆಳೆಯತಕ್ಕವು. ಮಲುಕು ದ್ವೀಪಗಳಲ್ಲಿಯೂ ನ್ಯೂಗಿನಿಯಲ್ಲಿಯೂ ಸೇಗೋ ಎಂಬ ತಾಳವು ಸಿಹಿನೀರಿನ ಜೌಗಿನಲ್ಲಿ ಬೆಳೆಯುತ್ತದೆ. ಅಲ್ಲಿಯವರು ಅದು ಹೂ ಬಿಡುವುದಕ್ಕೆ ಮುಂಚೆ ಕಡಿದು, ಕಾಂಡದ ತಿರುಳನ್ನು ಕೆತ್ತಿ, ನೀರಿನಲ್ಲಿ ತೊಳೆದು ಹಿಟ್ಟನ್ನು ಇಳಿಸಿ ಊಟಕ್ಕೆ ಉಪಯೋಗಿಸುತ್ತಾರೆ. ಸಾಬುದಾನಿ ಎಂಬ ಪದಾರ್ಥವು ಮೊದಲು ಬಂದದ್ದು ಈ ಮರದಿಂದ. ಈಗ ನಮ್ಮ ಅಂಗಡಿಗಳಲ್ಲಿ ದೊರೆಯುವ ಸಾಬುದಾನಿಯಾದರೋ ತಮಿಳುನಾಡಿನ ಸೇಲಂ ಸೀಮೆಯಲ್ಲಿ ಮರಗೆಣಸಿನ ಹಿಟ್ಟಿನಿಂದ ತಯಾರಾಗತಕ್ಕದ್ದು. ಬಂಗಾಳದ ಸುಂದರಬನದ ಉಪ್ಪುನೀರಿನ ಕೆಸರಿನಲ್ಲಿ ನಿಪ ಎಂಬ ತಾಳವಿದೆ. ಅದರ ಗರಿಯಿಂದ ಮನೆಗಳಿಗೆ ಹೊದಿಕೆ ಮಾಡುತ್ತಾರೆ. ಅದೇ ಸುಂದರಬನದಲ್ಲಿ ಈಚಲಿನ ಸೋದರ ಜಾತಿಯೊಂದು, ಹೇಂತಾಲವೆಂಬ ಹೆಸರಿನದು, ಭರತದ ನೀರು ಮುಟ್ಟುವ ದಂಡೆಗಳಲ್ಲಿ ಗುಂಪುಗುಂಪಾಗಿ ನಿಂತಿರುತ್ತದೆ.

ಈ ಎಲ್ಲ ದೇಶಗಳಲ್ಲಿಯೂ ನೇಗಿಲು ಹೋಗದ ನೆಲವನ್ನು ಫಲವುಳ್ಳದ್ದಾಗಿ ಮಾಡಿರುವುದು ತಾಳಜಾತಿಯ ಮರವೇ. ರಾಯಚೂರು ಸೀಮೆಯಲ್ಲಿ ಅಂತಹ ಕೆಲಸವನ್ನು ಮಾಡಬಲ್ಲ ಮರ ಈಚಲು. ಅದು ಸೇಗೋ ತಾಳದಂತೆ ಸದಾ ನೀರಿನಲ್ಲಿ ನಿಂತಿರಲಾರದು. ಆದರೆ ಮಳೆಗಾಲದಲ್ಲಿ ಬುಡ ಮುಳುಗಿದರೂ, ಬೇಸಿಗೆಯಲ್ಲಿ ಮೇಲ್ಮಣ್ಣು ಬಿರುಕು ಬಿಟ್ಟರೂ, ಎರಡನ್ನೂ ತಾಳಿ ಬದುಕುತ್ತದೆ. ಎರಡು ಹೊಳೆಗಳ ನಡುವಿನ ಈ ನೆಲಕ್ಕೆ ಇಂತಹ ಮರವೇ ತಕ್ಕದ್ದು.

3. ಮರದ ಗುರುತು

ಈಚಲಿಗೆ ಈ ಭಾಗದಲ್ಲಿ ಸಿಂದಿಗಿಡವೆಂಬ ಹೆಸರೂ ಇದೆ. ಸಸ್ಯಶಾಸ್ತ್ರದಲ್ಲಿ ಇದನ್ನು ಫೀನಿಕ್ಸ್ ಸಿಲ್ವೆಸ್ಟ್ರಿಸ್ ಎನ್ನುತ್ತಾರೆ. ಕಾಡು ಖರ್ಜೂರವೆಂದು ಅದರ ಅರ್ಥ. ಅರಬ್ಬೀ ಖರ್ಜೂರಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ. ಆದರೆ ಖರ್ಜೂರವು ಬುಡದಲ್ಲಿ ಕಂದುಗಳನ್ನು ಕೊಡುತ್ತದೆ, ಈಚಲು ಕೊಡುವುದಿಲ್ಲ. ಒಂದು ಬೀಜಕ್ಕೆ ಒಂದೇ ಕಾಂಡ, ಕಾಂಡಕ್ಕೆ ಒಂದೇ ಸುಳಿ. ಆ ಸುಳಿಯನ್ನು ಕಡಿದರೆ ಮರವು ಮತ್ತೆ ಚಿಗುರುವುದಿಲ್ಲ. ಬೇವು, ಜಾಲಿಗಳನ್ನು ಕಡಿದರೆ ಮೋಟಿನಿಂದ ಚಿಗುರು ಬರುವುದನ್ನು ಕಂಡ ರೈತನು ಈಚಲಿನ ವಿಷಯದಲ್ಲಿಯೂ ಹಾಗೆಯೇ ಎಣಿಸಿ ಮೋಸಹೋಗಬಾರದು.

ಮರವು ಸಾಮಾನ್ಯವಾಗಿ 30ರಿಂದ 50 ಅಡಿಯವರೆಗೆ ಬೆಳೆಯುತ್ತದೆ. ಉದುರಿದ ಗರಿಗಳ ಬುಡದ ಗುರುತುಗಳು ಕಾಂಡದ ಮೇಲೆಲ್ಲ ಉಳಿದಿರುತ್ತವೆ. ಗರಿಗಳು ಬೂದಿ ಮಿಶ್ರಿತ ಹಸುರು. ಅವುಗಳ ಬುಡದಲ್ಲಿ ಉದ್ದವಾದ ಗಟ್ಟಿ ಮುಳ್ಳುಗಳಿರುತ್ತವೆ. ಗಂಡು ಹೂ ಒಂದು ಮರದಲ್ಲಿಯೂ ಹೆಣ್ಣು ಹೂ ಬೇರೊಂದು ಮರದಲ್ಲಿಯೂ ಬಿಡುವುದರಿಂದ ಹಣ್ಣು ಹೆಣ್ಣು ಮರದಲ್ಲಿ ಮಾತ್ರ ದೊರೆಯುತ್ತದೆ. ಹೂ ಬಿಡುವವರೆಗೆ ಗಂಡು ಹೆಣ್ಣಿನ ಭೇದವನ್ನು ತಿಳಿಯುವ ಉಪಾಯ ರೈತನಿಗಿಲ್ಲ. ಗರಿಯೂ ರಸವೂ ಎರಡರಿಂದಲೂ ದೊರೆಯುತ್ತವೆ.

ಈಚಲು ಗುಂಪಾಗಿ ನಿಂತಿರುವ ಕಡೆ ನೀರು ಮೇಲಿದೆಯೆಂಬ ನಂಬಿಕೆ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರಿನ ಕುರುಹುಗಳನ್ನು ಹೇಳುವ ಅಧ್ಯಾಯದಲ್ಲಿ ಖರ್ಜೂರ ಜಾತಿಯ ಮರವನ್ನೂ ಹೆಸರಿಸಿದ್ದಾನೆ. ಬೇಸಿಗೆಯಲ್ಲಿ ಹಳ್ಳದ ಮರಳಿನಲ್ಲಿ ವರ್ತಿ ತೋಡುವವರು ಈಚಲಿನ ಸಾಲಿನ ಸಮೀಪವನ್ನೇ ಆರಿಸುವುದಕ್ಕೂ ಇದೇ ಕಾರಣ.

4. ದಂಡೆಯ ಕಾವಲು

ಈಚಲಿನ ಉಪಯೋಗಗಳಲ್ಲಿ ಮೊದಲು ಹೇಳತಕ್ಕದ್ದು ಹಣಕ್ಕೆ ಮಾರುವ ಯಾವ ಪದಾರ್ಥವನ್ನೂ ಅಲ್ಲ; ಅದು ನೆಲವನ್ನು ಹಿಡಿಯುವ ಬಗೆಯನ್ನು. ಬೆಳೆದ ಈಚಲಿಗೆ ತಾಯಿಬೇರು ಇರುವುದಿಲ್ಲ. ಕಾಂಡದ ಬುಡದಿಂದ ಹಗ್ಗದಂತಹ ಅಸಂಖ್ಯ ಬೇರುಗಳು ಹೊರಟು, ನಾಲ್ಕು ಕಡೆಗೂ ಹಬ್ಬಿ, ಒಂದಕ್ಕೊಂದು ಹೆಣೆದುಕೊಂಡು ಮಣ್ಣನ್ನು ಬಲೆಯಂತೆ ಹಿಡಿಯುತ್ತವೆ. ಎರಡು ಮೂರು ಸಾಲು ಮರಗಳಿರುವ ದಂಡೆಯಲ್ಲಿ ಪ್ರವಾಹದ ನೀರು ಕಾಂಡಗಳಿಗೆ ತಾಗಿ ವೇಗವನ್ನು ಕಳೆದುಕೊಳ್ಳುತ್ತದೆ. ಹೊತ್ತು ತಂದ ರೇವೆಯನ್ನು ಅಲ್ಲಿಯೇ ಬಿಡುತ್ತದೆ.

ಎರೆ ನೆಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ; ಮೊದಲ ದೊಡ್ಡ ಮಳೆಗೆ ಬಿರುಕಿನೊಳಗೆ ನೀರು ಇಳಿದು ದಂಡೆಯು ಹೆಂಟೆಹೆಂಟೆಯಾಗಿ ಹಳ್ಳಕ್ಕೆ ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಿನಲ್ಲಿಯೂ ಬಿದ್ದ ಅತಿವೃಷ್ಟಿಯಿಂದ ಈ ಸೀಮೆಯ ಹಳ್ಳಗಳೆಲ್ಲ ಉಕ್ಕಿದವು. ತುಂಗಭದ್ರೆಯು ಮಂತ್ರಾಲಯದ ಊರೊಳಕ್ಕೆ ನುಗ್ಗಿತು. ಅಂತಹ ನೀರನ್ನು ಯಾವ ಮರವೂ ತಡೆಯಲಾರದೆಂಬುದು ನಿಜ. ಆದರೆ ಭೂಮಿಯನ್ನು ಹೆಚ್ಚಾಗಿ ತಿನ್ನುವುದು ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರವಲ್ಲ. ಪ್ರತಿ ಮುಂಗಾರಿನಲ್ಲಿ ಹಿಂಗಾರಿನಲ್ಲಿ ಬರುವ ಸಣ್ಣ ಪೂರಗಳು. ಇವನ್ನು ತಡೆಯುವುದು ಸಾಧ್ಯ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಬ್ಬ ಭೂಮಾಲಿಕನ ಹೊಲವು 300 ಅಡಿ ಉದ್ದಕ್ಕೆ ಹಳ್ಳದ ಅಂಚಿನಲ್ಲಿದೆಯೆಂದು ಭಾವಿಸೋಣ. ಅವನು 20 ಅಡಿ ಅಗಲದ ಪಟ್ಟಿಯನ್ನು ಈಚಲಿಗೆ ಬಿಟ್ಟರೆ 6,000 ಚದರ ಅಡಿ, ಅಂದರೆ ಸುಮಾರು 5½ ಗುಂಟೆ ನೆಲವು ಉಳುಮೆಯಿಂದ ಹೊರಗೆ ಉಳಿಯುತ್ತದೆ. ಈ 5½ ಗುಂಟೆಯನ್ನು ಬಿಡಲೊಲ್ಲದೆ ಮರಗಳನ್ನು ತೆಗೆದು ಅಂಚಿನವರೆಗೂ ಉತ್ತನೆನ್ನೋಣ. ದಂಡೆಯು ವರ್ಷಕ್ಕೆ ಕೇವಲ 2 ಅಡಿಯಂತೆ ಕುಸಿದರೂ ಹತ್ತು ವರ್ಷಗಳಲ್ಲಿ ಹೋಗುವುದು ಅದೇ 6,000 ಚದರ ಅಡಿ, ಅದೇ 5½ ಗುಂಟೆ. ಭೇದವಿಷ್ಟೆ: ಮೊದಲನೆಯ ಪಟ್ಟಿಯು ಅವನ ಹೆಸರಿನಲ್ಲಿಯೇ ಉಳಿದು ಗರಿಯನ್ನೂ ಹಣ್ಣನ್ನೂ ಕೊಡುತ್ತಿರುತ್ತದೆ, ಎರಡನೆಯದು ಹೊಳೆಯ ಪಾಲಾಗಿ, ಹನ್ನೊಂದನೆಯ ವರ್ಷ ಕುಸಿತವು ಇನ್ನೂ ಒಳಕ್ಕೆ ಬರುತ್ತದೆ. ಪಹಣಿಯಲ್ಲಿ ನೆಲವಿರುತ್ತದೆ, ಹೊಲದಲ್ಲಿ ಇರುವುದಿಲ್ಲ.

ಆದರೂ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಕೆರೆಯ ಕಟ್ಟೆಯ ಮೈಮೇಲೆ ಈಚಲನ್ನಾಗಲಿ ಬೇರೆ ದೊಡ್ಡ ಮರವನ್ನಾಗಲಿ ಬೆಳೆಯಗೊಡಬಾರದು. ಮರ ಸತ್ತಾಗ ಬೇರು ಕೊಳೆತು ಉಂಟಾಗುವ ಸಂದುಗಳ ಮೂಲಕ ನೀರು ಜಿನುಗಿ ಕಟ್ಟೆಗೆ ಅಪಾಯ ಬರಬಹುದು. ಕೆರೆಯ ಅಂಗಳದ ಅಂಚು, ಕೋಡಿಯ ಕೆಳಗಿನ ಹಳ್ಳದ ದಂಡೆ, ಇವೇ ಅದರ ಸ್ಥಳ. ಎರಡನೆಯದಾಗಿ, ಹಳ್ಳದ ನಡುಪಾತ್ರದಲ್ಲಿ ಹುಟ್ಟಿದ ಸಸಿಗಳನ್ನು ತೆಗೆಯತಕ್ಕದ್ದು. ಇಲ್ಲವಾದರೆ ಹರಿವಿಗೆ ತಡೆಯಾಗಿ ನೀರು ಎದುರು ದಂಡೆಯನ್ನು ಕೊರೆಯುತ್ತದೆ. ಈಚಲಿನ ಸಾಲುಗಳ ನಡುವೆ ಲಾವಂಚ ಮೊದಲಾದ ಹುಲ್ಲುಗಳನ್ನೂ, ಮೇಲ್ಭಾಗದಲ್ಲಿ ಹೊಂಗೆಯನ್ನೂ ಬೆಳೆಸಿದರೆ ದಂಡೆಯು ಇನ್ನಷ್ಟು ಭದ್ರವಾಗುತ್ತದೆ.

5. ಸವಳು ಜವಳಿನಲ್ಲಿ

ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಲ್ಲಿ 1953ರಲ್ಲಿ ನೀರು ಹರಿದ ಮೇಲೆ ಎಡದಂಡೆಯ ಕೆಳಗೆ ಮಾನ್ವಿ ಸೀಮೆಯಲ್ಲಿ ಬತ್ತದ ಬೇಸಾಯ ಹಬ್ಬಿತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿತು. ನೀರಿನ ಸಂಗಡ ಸವಳು ಜವಳುಗಳೂ ಬಂದವು. ಬಸಿಗಾಲುವೆ ಇಲ್ಲದ ತಗ್ಗುಗಳಲ್ಲಿ ನೀರು ನಿಂತು, ಆರಿದ ಮೇಲೆ ಬಿಳಿಯ ಉಪ್ಪು ಮೇಲೇಳುತ್ತದೆ. ಇದಕ್ಕೆ ಮೂಲ ಪರಿಹಾರವೆಂದರೆ ನೀರನ್ನು ಹಿತವಾಗಿ ಬಿಡುವುದೂ ಬಸಿಗಾಲುವೆಯನ್ನು ತೋಡುವುದೂ. ಈಚಲು ಸವಳನ್ನು ಗುಣಪಡಿಸುತ್ತದೆಂದು ಯಾರೂ ಭಾವಿಸಬಾರದು. ಆದರೆ ಮಧ್ಯಮ ಪ್ರಮಾಣದ ಉಪ್ಪನ್ನು ಅದು ತಾಳಬಲ್ಲದು. ಬತ್ತವಾಗಲಿ ಜೋಳವಾಗಲಿ ಏಳದ ಮೂಲೆಗಳಲ್ಲಿ, ಬಸಿಗಾಲುವೆಗಳ ಅಂಚಿನಲ್ಲಿ, ಬೀಳುಬಿಡುವುದಕ್ಕಿಂತ ಈಚಲನ್ನು ಬೆಳೆಸುವುದು ಲೇಸು.

6. ಗರಿ, ಹಣ್ಣು, ಕಾಂಡ

ಗರಿಯಿಂದ ಚಾಪೆ, ಪೊರಕೆ, ಬುಟ್ಟಿ, ಬೀಸಣಿಗೆ, ಚೀಲಗಳನ್ನು ಮಾಡುತ್ತಾರೆ. ದಿಂಡನ್ನು ಜಜ್ಜಿ ತೆಗೆದ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಜೋಳ ಒಣಗಿಸುವುದಕ್ಕೂ, ಕಣದಲ್ಲಿ ರಾಶಿಯ ಕೆಳಗೆ ಹಾಸುವುದಕ್ಕೂ, ಬಾಣಂತಿಯ ಕೋಣೆಗೂ ಈಚಲ ಚಾಪೆಯೇ ಹಿಂದೆ ಬಳಕೆಯಲ್ಲಿತ್ತು. ಗುಡಿಸಲಿನ ಹೊದಿಕೆಗೂ ಹಿತ್ತಿಲ ಬೇಲಿಗೂ ಒಣ ಗರಿಯು ಬರುತ್ತದೆ. ಪೊರಕೆ ಬುಟ್ಟಿಗಳ ಕಸುಬು ಕೊರವರೇ ಮೊದಲಾದ ಅನೇಕ ಭೂಹೀನ ಕುಟುಂಬಗಳಿಗೆ ತಲೆತಲಾಂತರದ ಜೀವನೋಪಾಯವಾಗಿದೆ. ಹಳ್ಳದ ಈಚಲನ್ನು ಕಡಿದಾಗ ಭೂಮಾಲಿಕನಿಗೆ ದಂಡೆ ಹೋಗುವುದು ಹತ್ತು ವರ್ಷಗಳ ಮೇಲೆ. ಇವರಿಗೆ ಕೂಳು ಹೋಗುವುದು ಆ ವಾರವೇ. ಗ್ರಾಮದ ಹಿರಿಯರು ಇದನ್ನು ನೆನಪಿನಲ್ಲಿಡತಕ್ಕದ್ದು.

ಗರಿಯನ್ನು ಕೊಯ್ಯುವಾಗ ಕೆಳಸುತ್ತಿನ ಬಲಿತ ಗರಿಗಳನ್ನು ಮಾತ್ರ ತೆಗೆಯಬೇಕು. ಸುಳಿಯ ಸುತ್ತ ನೆಟ್ಟಗೆ ನಿಂತಿರುವ ಎಳೆಯ ಗರಿಗಳನ್ನು ಮುಟ್ಟಬಾರದು. ಚಾಪೆಯ ಗರಿಯನ್ನು ನೆರಳಿನಲ್ಲಿ ಒಣಗಿಸಿ, ಹೆಣೆಯುವ ಮುಂಚೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡರೆ ಸೀಳುವುದಿಲ್ಲ. ಬುಡದ ಮುಳ್ಳುಗಳನ್ನು ಮರದ ಕೆಳಗೆಯೇ ಸವರಿ, ಒಂದೆಡೆ ಕೂಡಿಹಾಕಿ ಸುಡತಕ್ಕದ್ದು. ಈ ಮುಳ್ಳು ಕೈ ಅಥವಾ ಮೊಣಕಾಲಿನ ಕೀಲಿನ ಬಳಿ ಚುಚ್ಚಿ ತುದಿ ಒಳಗೆ ಮುರಿದುಕೊಂಡರೆ ಕೆಲವು ವಾರಗಳ ತರುವಾಯವೂ ಕೀಲು ಬಾವು ಬರುವುದುಂಟು. ಅಂತಹವರು ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು.

ಹಣ್ಣು ಅರಬ್ಬೀ ಖರ್ಜೂರಕ್ಕಿಂತ ಸಣ್ಣದು. ಬೀಜ ದೊಡ್ಡದು, ತಿರುಳು ತೆಳ್ಳಗಿನದು. ಹಳದಿಯಿಂದ ಕಂದು ಕೆಂಪಿಗೆ ತಿರುಗಿದ ಹಣ್ಣು ಸಿಹಿಯಾಗಿ, ಸ್ವಲ್ಪ ಒಗರಾಗಿ ಇರುತ್ತದೆ. ಮಾರುವ ಸರಕಲ್ಲವಾದರೂ ದನಗಾಹಿ ಮಕ್ಕಳಿಗೆ ಇದು ಸುಗ್ಗಿ. ಹಕ್ಕಿಗಳೂ ನರಿಗಳೂ ಇದನ್ನು ತಿಂದು ಬೀಜವನ್ನು ದೂರದೂರಕ್ಕೆ ಹರಡುತ್ತವೆ. ಯಾರೂ ನೆಡದ ಕಡೆ ಈಚಲು ಹುಟ್ಟುವುದು ಹೀಗೆಯೇ. ಬಾವಿಯ ಮೇಲೆ ಬಾಗಿದ ಗರಿಗಳಿಗೆ ಗೀಜಗವು ಗೂಡು ಕಟ್ಟುತ್ತದೆ. ಅದು ಕಾಳನ್ನು ತಿನ್ನುವುದೆಂದು ರೈತರು ದೂರುವರು. ಮರಿಗಳಿಗೆ ಹುಳುಗಳನ್ನು ಹಿಡಿದು ತಿನ್ನಿಸುವುದನ್ನೂ ಅವರು ಗಮನಿಸಬೇಕು.

ಕಾಂಡವು ಒಳ್ಳೆಯ ನಾಟಾ ಅಲ್ಲ. ಸೀಳಿ ತಿರುಳನ್ನು ತೋಡಿದರೆ ನೀರಿನ ದೋಣಿಯಾಗುತ್ತದೆ. ಕಾಲುವೆಯ ಮೇಲೆ ಕಾಲುಸಂಕವಾಗಿ ಹಾಕಬಹುದು. ಇಷ್ಟು ಅಲ್ಪ ಪ್ರಯೋಜನಕ್ಕಾಗಿ ಬದುಕಿದ ಮರವನ್ನು ಕಡಿಯುವುದು ಲಾಭಕರವಲ್ಲ. ಬಿದ್ದ ಮರಗಳನ್ನು ಉಪಯೋಗಿಸಿದರೆ ಸಾಕು. ಸುಳಿಯೊಳಗಿನ ಬಿಳಿಯ ತಿರುಳು ತಿನ್ನಲು ರುಚಿಯೆಂದು ಎಳೆಯ ಮರಗಳನ್ನು ಕಡಿಯುವ ದುರಭ್ಯಾಸವಿದೆ. ಒಂದು ಗಳಿಗೆಯ ರುಚಿಗೆ ಐವತ್ತು ವರ್ಷ ಬಾಳಬಲ್ಲ ಮರವು ಸಾಯುವುದು ಯಾವ ನ್ಯಾಯ?

7. ರಸವೂ ಬೆಲ್ಲವೂ

ತೆಂಗು ತಾಳೆಗಳಲ್ಲಿ ಹೊಂಬಾಳೆಯನ್ನು ಕೊಯ್ದು ರಸ ಇಳಿಸುತ್ತಾರೆ. ಈಚಲಿನಲ್ಲಿ ಹಾಗಲ್ಲ, ಸುಳಿಯ ಕೆಳಗೆ ಒಂದು ಪಕ್ಕದ ಗರಿಗಳನ್ನು ತೆಗೆದು ಎಳೆಯ ಕಾಂಡದ ಮೇಲೆಯೇ ಕಚ್ಚು ಹಾಕುತ್ತಾರೆ. ಚಳಿಗಾಲ ಇದಕ್ಕೆ ಸರಿಯಾದ ಕಾಲ. ಒಂದು ವರ್ಷ ಒಂದು ಪಕ್ಕ, ಮುಂದಿನ ವರ್ಷ ಎದುರು ಪಕ್ಕ ಕಚ್ಚು ಹಾಕುವುದರಿಂದ ಹಳೆಯ ಮರದ ಕಾಂಡವು ಎಡಬಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪ್ರತಿವರ್ಷ ತಪ್ಪದೆ ಕಚ್ಚು ಬಿದ್ದ ಮರದಲ್ಲಿ ಆ ಕಚ್ಚುಗಳನ್ನು ಎಣಿಸಿ, ಮೊದಲ ಕಚ್ಚಿಗೆ ಮುಂಚಿನ ಆರೇಳು ವರ್ಷಗಳನ್ನು ಕೂಡಿಸಿದರೆ ಮರದ ವಯಸ್ಸು ತಿಳಿಯುತ್ತದೆ. ಕಚ್ಚು ಆಳವಾದರೆ, ಅಥವಾ ಬಿಡುವಿಲ್ಲದೆ ಪ್ರತಿದಿನ ಕೆತ್ತಿದರೆ, ಮರ ಸೊರಗಿ ತಲೆ ಮುರಿದು ಬೀಳುತ್ತದೆ.

ಇಳಿದ ಕೂಡಲೆ ರಸವು ಸಿಹಿಯಾಗಿರುತ್ತದೆ, ಇದೇ ನೀರಾ. ಕೆಲವೇ ಗಂಟೆಗಳಲ್ಲಿ ಹುಳಿಯೇರಿ ಹೆಂಡವಾಗುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗುತ್ತದೆ. ಬಂಗಾಳದಲ್ಲಿ ಈ ಮರದ ಹೆಸರು ಹೆಂಡಕ್ಕಿಂತ ಬೆಲ್ಲಕ್ಕೆ ಪ್ರಸಿದ್ಧ. ಅಲ್ಲಿ ಚಳಿಗಾಲದ ರಸವನ್ನು ಬೆಳಗಾಗುತ್ತಲೇ ಅಗಲವಾದ ಬಾಣಲೆಗಳಲ್ಲಿ ಕುದಿಸಿ ನಲೇನ್ ಗುಡವೆಂಬ ಸುವಾಸನೆಯ ಬೆಲ್ಲವನ್ನು ಮಾಡುತ್ತಾರೆ. ಸುಮಾರು ಹತ್ತು ಪಾಲು ರಸಕ್ಕೆ ಒಂದು ಪಾಲು ಬೆಲ್ಲ ಬರುತ್ತದೆ. ಮಹಾತ್ಮಾ ಗಾಂಧಿಯವರು ತಾಳಬೆಲ್ಲವನ್ನು ಗ್ರಾಮೋದ್ಯೋಗಗಳಲ್ಲಿ ಒಂದೆಂದು ಎಣಿಸಿ ಪ್ರೋತ್ಸಾಹಿಸಿದ್ದರು. ಒಂದೇ ಮರ, ಒಂದೇ ರಸ. ಒಂದು ನಾಡಿನಲ್ಲಿ ಹಬ್ಬದ ಸಿಹಿಯಾಯಿತು, ಇನ್ನೊಂದರಲ್ಲಿ ಮನೆಮುರುಕ ಹೆಂಡವಾಯಿತು.

ಹಸಿ ರಸವನ್ನು ಕುಡಿಯುವುದರಲ್ಲಿ ಒಂದು ಅಪಾಯವಿದೆ. ರಾತ್ರಿ ಗಡಿಗೆಗೆ ಬಾವಲಿಗಳು ಬಂದು ರಸವನ್ನು ನೆಕ್ಕುತ್ತವೆ. ಬಾಂಗ್ಲಾದೇಶದಲ್ಲಿ 2001ರಿಂದ ಈಚೆಗೆ ಅನೇಕರಿಗೆ ತಗಲಿದ ನಿಪಾ ಎಂಬ ಮಾರಕ ಜ್ವರವು ಹೀಗೆ ಎಂಜಲಾದ ಈಚಲ ರಸವನ್ನು ಕುದಿಸದೆ ಕುಡಿದದ್ದರಿಂದ ಬಂದದ್ದೆಂದು ವೈದ್ಯರು ಕಂಡುಕೊಂಡಿದ್ದಾರೆ. ಕಚ್ಚಿನ ಮೇಲೂ ಗಡಿಗೆಯ ಬಾಯಿಯ ಮೇಲೂ ಬಿದಿರಿನ ತಟ್ಟಿ ಕಟ್ಟುವುದು, ರಸವನ್ನು ಚೆನ್ನಾಗಿ ಕುದಿಸುವುದು, ಇವೆರಡೂ ಅಗತ್ಯ. ಕಾನೂನಿನ ವಿಷಯವನ್ನೂ ಮರೆಯಬಾರದು: ಕರ್ನಾಟಕ ಅಬ್ಕಾರಿ ಕಾಯಿದೆಯ ಮೇರೆಗೆ ಪರವಾನಗಿ ಇಲ್ಲದೆ ಮರಕ್ಕೆ ಕಚ್ಚು ಹಾಕುವುದು ಅಪರಾಧ. ನೀರಾ ಅಥವಾ ಬೆಲ್ಲದ ಉದ್ದೇಶವಿದ್ದರೂ ಮೊದಲು ಅಬ್ಕಾರಿ ಇಲಾಖೆಯಲ್ಲಿ ವಿಚಾರಿಸಿ ಅಪ್ಪಣೆ ಪಡೆಯತಕ್ಕದ್ದು.

8. ಸೇಂದಿಯ ಅಪವಾದ

ಹಿಂದೆ ರಾಯಚೂರು ಜಿಲ್ಲೆಯು ನಿಜಾಮರ ಸಂಸ್ಥಾನಕ್ಕೆ ಸೇರಿದ್ದಾಗ ಸೇಂದಿಯು ಸರ್ಕಾರದ ಆದಾಯದ ದೊಡ್ಡ ಮೂಲಗಳಲ್ಲಿ ಒಂದಾಗಿತ್ತು. ಫಸಲಿ 1316ರ ಹೈದರಾಬಾದು ಅಬ್ಕಾರಿ ಕಾನೂನು ಈ ಮರಗಳ ರಸವನ್ನು ಸರ್ಕಾರದ ಹತೋಟಿಯಲ್ಲಿ ಇಟ್ಟಿತ್ತು. ಮೈಸೂರು ಸಂಸ್ಥಾನದಲ್ಲಿಯೂ ಈಚಲ ವನಗಳನ್ನು ಅಬ್ಕಾರಿಗಾಗಿ ಕಾಯ್ದಿಡುತ್ತಿದ್ದರು. ಆ ಕಾಲದ ಆ ಕಾವಲು ಮರವನ್ನು ಉಳಿಸಿತು. ಆದರೆ ಹೆಂಡದ ಹೆಸರನ್ನೂ ಅದಕ್ಕೆ ಗಟ್ಟಿಯಾಗಿ ಅಂಟಿಸಿತು. ಕಾವಲು ಹೋದ ಮೇಲೆ ಹೆಸರು ಮಾತ್ರ ಉಳಿದು, ಮರವು ಅನಾಥವಾಯಿತು.

ಕುಡಿತದಿಂದ ಸಂಸಾರಗಳು ಕೆಟ್ಟದ್ದನ್ನು ಕಂಡ ಗ್ರಾಮಸ್ಥರು, ಮುಖ್ಯವಾಗಿ ಹೆಣ್ಣುಮಕ್ಕಳು, ಈಚಲನ್ನೇ ಕಡಿದುಹಾಕಿದರೆ ಪೀಡೆ ತೊಲಗೀತೆಂದು ಭಾವಿಸುವುದು ಸಹಜ. ಅವರ ದುಃಖ ನ್ಯಾಯವಾದದ್ದು. ಉಪಾಯ ಮಾತ್ರ ಸರಿಯಲ್ಲ. ಈ ಜಿಲ್ಲೆಯಲ್ಲಿ ಕಳ್ಳತನದಿಂದ ಮಾರಾಟವಾಗುವ ಸೇಂದಿಯಲ್ಲಿ ಮರದ ರಸವು ನೆಪಕ್ಕಷ್ಟೇ ಇರುವುದುಂಟು, ಇಲ್ಲದೆಯೂ ಇರುವುದುಂಟು. ಅಮಲು ಬರುವುದು ಸಿ.ಎಚ್. ಪೌಡರ್ ಎಂದು ಕರೆಯಲ್ಪಡುವ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಔಷಧಿಯಿಂದ. ಇದು ನರಗಳನ್ನು ಕೆಡಿಸತಕ್ಕ ವಿಷ. ಪ್ರಮಾಣ ಹೆಚ್ಚಾದರೆ ಉಸಿರು ನಿಂತು ಮರಣ ಬರುತ್ತದೆ. ಇದಕ್ಕೆ ಅಂಟಿಕೊಂಡವನು ಒಮ್ಮೆಲೇ ಬಿಟ್ಟಾಗ ಮೈನಡುಕ, ಮೂರ್ಛೆ, ಚಿತ್ತಭ್ರಮೆಗಳು ಉಂಟಾಗಬಹುದಾದ್ದರಿಂದ ಅವನನ್ನು ಕಟ್ಟಿಹಾಕದೆ, ಬಯ್ಯದೆ, ಕೂಡಲೆ ಸರ್ಕಾರಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಇಂತಹ ಪುಡಿಯು ಹಳ್ಳದ ದಂಡೆಯಲ್ಲಿ ಬೆಳೆಯುವುದಿಲ್ಲ, ಪೊಟ್ಟಣದಲ್ಲಿ ಬರುತ್ತದೆ. ಊರಿನ ಈಚಲನ್ನೆಲ್ಲ ಕಡಿದರೂ ಆ ಪೊಟ್ಟಣ ನಿಲ್ಲುವುದಿಲ್ಲ. ಪುಡಿ ತರುವವನ ಸುದ್ದಿಯನ್ನು ಪೊಲೀಸರಿಗೂ ಅಬ್ಕಾರಿ ಅಧಿಕಾರಿಗಳಿಗೂ ಮುಟ್ಟಿಸುವುದೇ ಸರಿಯಾದ ದಾರಿ.

9. ಬೆಳೆಸುವ ಕ್ರಮ

ಚೆನ್ನಾಗಿ ಹಣ್ಣಾದ ಕಾಯಿಗಳಿಂದ ಬೀಜವನ್ನು ತೆಗೆದು, ತಿರುಳನ್ನು ತೊಳೆದು, ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ಮುಂಗಾರು ಹಿಡಿದ ಮೇಲೆ ಮರಳು ಗೊಬ್ಬರ ಬೆರೆಸಿದ ಮಡಿಯಲ್ಲಿ ಒಂದು ಅಂಗುಲ ಆಳಕ್ಕೆ ಊರಬೇಕು. ಮೊಳಕೆ ಕಾಣುವುದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯಬಹುದು. ಮೊದಲು ಬೇರು ಆಳಕ್ಕೆ ಇಳಿದು ಆಮೇಲೆ ಎಲೆ ಮೇಲೆ ಬರುವುದರಿಂದ ಬೀಜ ಸತ್ತಿತೆಂದು ಮಡಿಯನ್ನು ಕೆದಕಬಾರದು. ಒಂದು ವರ್ಷದ ಸಸಿಯನ್ನು ಮುಂದಿನ ಮಳೆಗಾಲದಲ್ಲಿ ಬೇರಿನ ಮಣ್ಣು ಸಡಿಲದಂತೆ ಎತ್ತಿ, 10 ಅಡಿ ಅಂತರದಲ್ಲಿ, ಎರಡು ಸಾಲುಗಳನ್ನು ಒಂದರ ಸಂದಿಗೆ ಒಂದು ಬರುವಂತೆ ನೆಡತಕ್ಕದ್ದು. ಮೇಲೆ ಹೇಳಿದ 300 ಅಡಿಯ ದಂಡೆಗೆ ಎರಡು ಸಾಲಿಗೆ ಸುಮಾರು 60 ಸಸಿಗಳು ಬೇಕು.

ಇಷ್ಟು ಶ್ರಮವೂ ಬೇಡವೆನ್ನುವವರಿಗೆ ಇನ್ನೊಂದು ಮಾರ್ಗವಿದೆ. ಹಳೆಯ ಹೆಣ್ಣು ಮರಗಳಿರುವ ಹಳ್ಳದಲ್ಲಿ ಸಸಿಗಳು ತಾವಾಗಿಯೇ ಹುಟ್ಟುತ್ತವೆ. ಅವನ್ನು ಮೊದಲ ಎರಡು ಮೂರು ವರ್ಷ ಆಡು ಕುರಿಗಳಿಂದಲೂ ಬೇಸಿಗೆಯ ಬೆಂಕಿಯಿಂದಲೂ ಕಾಪಾಡಿದರೆ ಸಾಕು. ಆಮೇಲೆ ಮರದ ಮುಳ್ಳೇ ಅದಕ್ಕೆ ಬೇಲಿ. ಮೊದಲ ಎರಡು ಬೇಸಿಗೆಗಳಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಹಾಕಿದರೆ ಸಸಿಗಳು ಚೆನ್ನಾಗಿ ಹಿಡಿಯುತ್ತವೆ.

10. ಕೀಟಬಾಧೆ

ಕೊಂಬಿನ ದುಂಬಿಯು ಸುಳಿಯನ್ನು ಕೊರೆಯುತ್ತದೆ. ಅರಳಿದ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದಂತಹ ಗುರುತು ಅದರ ಲಕ್ಷಣ. ಇದು ತಿಪ್ಪೆಯಲ್ಲಿಯೂ ಕೊಳೆತ ಮೋಟುಗಳಲ್ಲಿಯೂ ಮರಿ ಮಾಡುತ್ತದೆ. ಕೆಂಪು ಮೂತಿಯ ಹುಳುವು ಇನ್ನೂ ಕೆಟ್ಟದ್ದು. ಗಾಯವಾದ ಕಾಂಡದಲ್ಲಿ ಮೊಟ್ಟೆಯಿಟ್ಟು, ಮರಿಗಳು ಒಳಗಿನಿಂದ ತಿರುಳನ್ನು ತಿಂದು, ಹೊರಗೆ ಕಾಣುವ ಹೊತ್ತಿಗೆ ಮರ ಕೈಬಿಟ್ಟಿರುತ್ತದೆ. ಸತ್ತ ಮರಗಳನ್ನೂ ಮೋಟುಗಳನ್ನೂ ತೆಗೆದು ಸುಡುವುದು, ವೃಥಾ ಗಾಯ ಮಾಡದಿರುವುದು, ಇವೇ ಮುಖ್ಯ ಉಪಾಯಗಳು. ತೆಂಗಿನ ತೋಟವಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಈ ಎರಡು ಹುಳುಗಳೂ ತೆಂಗಿಗೂ ಶತ್ರುಗಳೇ.

11. ಗ್ರಾಮದ ಮುಖ್ಯಸ್ಥರು ಮಾಡತಕ್ಕದ್ದು

ಹಳ್ಳದ ದಂಡೆಗಳಲ್ಲಿ ಬಹುಭಾಗ ಸರ್ಕಾರಿ ಖರಾಬು. ಎಲ್ಲರ ನೆಲವಾದ್ದರಿಂದ ಅದನ್ನು ಕಾಯುವವನು ಯಾರೂ ಅಲ್ಲವೆಂಬಂತಾಗಿದೆ. ಗ್ರಾಮಪಂಚಾಯತಿಯವರು ತಮ್ಮ ಮೇರೆಯ ಹಳ್ಳವನ್ನು ಒಮ್ಮೆ ನಡೆದು ನೋಡಿ, ನಿಂತಿರುವ ಈಚಲನ್ನು ಎಣಿಸಿ ಬರೆದಿಡಲಿ. ಒತ್ತುವರಿಯಾದ ಕಡೆ ಕಂದಾಯ ಇಲಾಖೆಗೆ ತಿಳಿಸಲಿ. ಗರಿ ಕೊಯ್ಯುವ ಕುಟುಂಬಗಳನ್ನು ಕರೆದು, ಯಾವ ಮರ, ಯಾವ ತಿಂಗಳು, ಎಷ್ಟು ಗರಿ ಎಂಬ ಕಟ್ಟಳೆಯನ್ನು ಅವರೊಡನೆ ಕೂಡಿಯೇ ಮಾಡಲಿ. ಗರಿಯಿಂದ ಬದುಕುವವನಿಗಿಂತ ಒಳ್ಳೆಯ ಕಾವಲುಗಾರ ಆ ಮರಕ್ಕೆ ದೊರೆಯುವುದಿಲ್ಲ.

12. ಸಾರಾಂಶ

(1) ಈಚಲಿಗೆ ಒಂದೇ ಸುಳಿ. ತಲೆ ಕಡಿದರೆ ಮತ್ತೆ ಚಿಗುರುವುದಿಲ್ಲ.

(2) ಹಳ್ಳದ ದಂಡೆಯಲ್ಲಿ 20 ಅಡಿಯ ಪಟ್ಟಿಯನ್ನು ಈಚಲಿಗೆ ಬಿಡುವುದು ನಷ್ಟವಲ್ಲ. ಹೊಲದ ಉಳಿವಿಗೆ ಕೊಡುವ ಬೆಲೆ.

(3) ಕೆರೆಯ ಕಟ್ಟೆಯ ಮೇಲೂ ಹಳ್ಳದ ನಡುಪಾತ್ರದಲ್ಲೂ ಅದನ್ನು ಬೆಳೆಯಗೊಡಬಾರದು.

(4) ಕೆಳಸುತ್ತಿನ ಬಲಿತ ಗರಿಗಳನ್ನು ಮಾತ್ರ ಕೊಯ್ಯಬೇಕು.

(5) ಪರವಾನಗಿ ಇಲ್ಲದೆ ಕಚ್ಚು ಹಾಕಬಾರದು. ಹಸಿ ರಸವನ್ನು ಕುದಿಸದೆ ಕುಡಿಯಬಾರದು.

(6) ಪುಡಿ ಬೆರೆಸಿದ ಸೇಂದಿಯು ವಿಷ. ಅದರ ಅಪರಾಧವನ್ನು ಮರದ ಮೇಲೆ ಹೊರಿಸಬಾರದು.

(7) ತಾನಾಗಿ ಹುಟ್ಟಿದ ಸಸಿಯನ್ನು ಮೂರು ವರ್ಷ ಕಾಯ್ದರೆ ಮುಂದೆ ಅದು ದಂಡೆಯನ್ನು ಕಾಯುತ್ತದೆ.